ನ್ಯಾಷನಲ್ ಗಾರ್ಡ್‌ನಲ್ಲಿದ್ದುಕೊಂಡು ಕ್ಲೆಪ್ ಬರೆದರೆ ಕಾಲೇಜ್ ಕ್ರೆಡಿಟ್ ಸಿಗುತ್ತಾ?

ನೀವು ಅಮೆರಿಕದ ಆರ್ಮಿ ನ್ಯಾಷನಲ್ ಗಾರ್ಡ್‌ನಲ್ಲಿದ್ದೀರಿ, ಕಾಲೇಜಿಗೂ ಹೋಗುತ್ತಿದ್ದೀರಿ. ಕ್ಲಾಸಿನಲ್ಲಿ ಕೂರದೆ ಕ್ಲೆಪ್ (CLEP, ಕಾಲೇಜ್ ಮಟ್ಟದ ವಿಷಯ ಗೊತ್ತಿದೆ ಅಂತ ತೋರಿಸುವ ಪರೀಕ್ಷೆ) ಬರೆದು ಕ್ರೆಡಿಟ್, ಅಂದರೆ ಡಿಗ್ರಿಗೆ ಲೆಕ್ಕಕ್ಕೆ ಬರುವ ಅಂಕ, ಪಡೆಯಬಹುದಾ, ಪಾರ್ಟ್ ಟೈಮ್ ಸೈನಿಕರಿಗೂ ಫೀಸ್ ಇಲ್ಲವಾ ಅಂತ ಕೇಳಿದ್ದೀರಿ.

ಎರಡಕ್ಕೂ ಉತ್ತರ ಹೌದು. ನಾನು ಆರ್ಮಿ ರಿಸರ್ವ್‌ನಲ್ಲಿದ್ದುಕೊಂಡೇ ಡಿಗ್ರಿ ಮುಗಿಸಿದವನು. ಮೊದಲೆರಡು ವರ್ಷದ ವಿಷಯಗಳಲ್ಲಿ ಒಳ್ಳೇ ಪಾಲು ಪರೀಕ್ಷೆಯಿಂದಲೇ ಮುಗಿಯಿತು.

ಕ್ಲೆಪ್ ನಡೆಸುವುದು ಕಾಲೇಜ್ ಬೋರ್ಡ್ ಅನ್ನುವ ಪರೀಕ್ಷಾ ಸಂಸ್ಥೆ, 1967ರಿಂದ. ಸೈನ್ಯದ ಹೊರಗಿನವರು ಒಂದು ಪರೀಕ್ಷೆಗೆ ಹೆಚ್ಚುಕಮ್ಮಿ 100 ಡಾಲರ್ ಕೊಡಬೇಕು. ನಿಮ್ಮ ಪರವಾಗಿ ಆ ಹಣವನ್ನು ಡ್ಯಾಂಟೀಸ್ (DANTES) ಅನ್ನುವ ರಕ್ಷಣಾ ಇಲಾಖೆಯ ಶಿಕ್ಷಣ ವಿಭಾಗ ಕಟ್ಟುತ್ತದೆ. ಗಾರ್ಡ್ ಮತ್ತು ರಿಸರ್ವ್‌ನವರಿಗೂ ಇದು ಅನ್ವಯಿಸುತ್ತದೆ. ಆದರೆ ಒಂದು ವಿಷಯಕ್ಕೆ ಮೊದಲ ಸಲ ಬರೆದಾಗ ಮಾತ್ರ. ಫೇಲಾದರೆ ಮೂರು ತಿಂಗಳು ಕಾಯಬೇಕು, ಮುಂದಿನ ಸಲದ ಫೀಸ್ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಹಾಗಾಗಿ ಪುಕ್ಕಟೆ ಅಲ್ವಾ ಅಂತ ಸುಮ್ನೆ ಹೋಗಿ ಕೂರಬೇಡಿ. ಕೆಲವು ಸೆಂಟರ್‌ಗಳು ತಮ್ಮದೇ ಒಂದು ಸಣ್ಣ ಫೀಸ್ ಬೇರೆ ಕೇಳುತ್ತವೆ, ಮೊದಲೇ ಫೋನ್ ಮಾಡಿ ವಿಚಾರಿಸಿ.

ಟ್ಯೂಷನ್‌ಗೆ ಹೇಗೂ ಸಹಾಯ ಸಿಗುತ್ತದಲ್ಲ, ಪರೀಕ್ಷೆ ಯಾಕೆ ಅಂತ ನಮ್ಮ ಯೂನಿಟ್‌ನಲ್ಲೂ ಎಷ್ಟೋ ಜನ ಕೇಳುತ್ತಿದ್ದರು. ನನ್ನ ಪ್ರಕಾರ ಇಲ್ಲಿ ಉಳಿಯುವುದು ದುಡ್ಡಿಗಿಂತ ಜಾಸ್ತಿ ಸಮಯ. ತಿಂಗಳಿಗೊಂದು ವಾರಾಂತ್ಯ ಡ್ರಿಲ್, ವರ್ಷಕ್ಕೆ ಎರಡು ವಾರ ಟ್ರೈನಿಂಗ್ ಅಂತ ಹೇಳುವುದು ಸುಲಭ. ಮಿಡ್‌ಟರ್ಮ್ ಹಿಂದಿನ ಭಾನುವಾರ ರಾತ್ರಿ ಡ್ರಿಲ್ ಮುಗಿಸಿ, ಬೂಟಿನ ಕೆಸರು ತೊಳೆದು ಪುಸ್ತಕ ತೆಗೆಯುವ ಹೊತ್ತಿಗೆ ಕಣ್ಣು ತಾನಾಗಿ ಮುಚ್ಚುತ್ತಿರುತ್ತದೆ. ಸೆಮಿಸ್ಟರ್ ನಡುವೆ ಕರೆ ಬಂದು ಬೇರೆಡೆ ಹೋಗಬೇಕಾದರೆ ಅರ್ಧ ಮುಗಿಸಿದ ಕೋರ್ಸಿನ ಗತಿ ಏನು? ಪಾಸಾದ ಕ್ಲೆಪ್‌ಗೆ ಆ ಭಯ ಇಲ್ಲ. ಸ್ಕೋರನ್ನು ಕಾಲೇಜ್ ಬೋರ್ಡ್ 20 ವರ್ಷ ಇಟ್ಟುಕೊಂಡಿರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕ್ರೆಡಿಟ್ ಕೊಡುವುದು ನಿಮ್ಮ ಕಾಲೇಜು. ಸೈನ್ಯಕ್ಕಾಗಲಿ ಕಾಲೇಜ್ ಬೋರ್ಡ್‌ಗಾಗಲಿ ಆ ಅಧಿಕಾರ ಇಲ್ಲ. 2,900ಕ್ಕೂ ಹೆಚ್ಚು ಕಾಲೇಜುಗಳು ಕ್ಲೆಪ್ ಒಪ್ಪುತ್ತವೆ, ಆದರೆ ಒಂದೊಂದರ ನಿಯಮ ಒಂದೊಂದು ತರಹ. ನಿಮ್ಮ ಕಾಲೇಜಿನ ರಿಜಿಸ್ಟ್ರಾರ್ ಆಫೀಸಿನ ಪುಟದಲ್ಲಿ ಕ್ಲೆಪ್ ಪಟ್ಟಿ ಹುಡುಕಿ. ಸಾಮಾನ್ಯವಾಗಿ ಪರೀಕ್ಷೆಯ ಹೆಸರು, ಬೇಕಾದ ಸ್ಕೋರ್, ಅದಕ್ಕೆ ಸಮನಾದ ಕೋರ್ಸಿನ ನಂಬರ್, ಎಷ್ಟು ಕ್ರೆಡಿಟ್, ಇಷ್ಟು ಅಲ್ಲಿರುತ್ತದೆ. ಕೋರ್ಸ್ ನಂಬರ್ ಇರುವ ಜಾಗವನ್ನು ಗಮನವಿಟ್ಟು ನೋಡಿ. ಅಲ್ಲಿ ನಿಮ್ಮ ಡಿಗ್ರಿಗೆ ಬೇಕೇಬೇಕಾದ ಕೋರ್ಸ್ ಇದ್ದರೆ ಬರೆಯಿರಿ. ಬರೀ 'ಎಲೆಕ್ಟಿವ್' (ಐಚ್ಛಿಕ ವಿಷಯ) ಅಂತಿದ್ದರೆ, ಎಲೆಕ್ಟಿವ್‌ಗೆ ನಿಮ್ಮಲ್ಲಿ ಜಾಗ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಕ್ರೆಡಿಟ್ ಬಂದೂ ಉಪಯೋಗ ಇಲ್ಲ. ಅಡ್ವೈಸರ್ ಹತ್ತಿರ ಇದನ್ನು ಇಮೇಲ್‌ನಲ್ಲೇ ಕೇಳಿ, ಬಾಯಿಮಾತು ಸಾಲದು.

ಪರೀಕ್ಷೆ ಕಂಪ್ಯೂಟರ್‌ನಲ್ಲಿ, ಹೆಚ್ಚಿನವು 90 ನಿಮಿಷದ್ದು. ಸ್ಕೋರ್ 20ರಿಂದ 80ರವರೆಗೆ, ಸಾಮಾನ್ಯವಾಗಿ 50 ಬಂದರೆ ಸಾಕು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ಪ್ರಬಂಧ ಇರುವ ಪರೀಕ್ಷೆ ಬಿಟ್ಟರೆ ಉಳಿದವಕ್ಕೆ ಮುಗಿದ ತಕ್ಷಣ ಪರದೆ ಮೇಲೇ ಸ್ಕೋರ್ ಕಾಣುತ್ತದೆ. ತಯಾರಿಗೆ ಮಾಡರ್ನ್ ಸ್ಟೇಟ್ಸ್ ಅನ್ನುವ ಸಂಸ್ಥೆಯ ಆನ್‌ಲೈನ್ ಪಾಠಗಳು ಉಚಿತ. ನನಗೆ ಪಾಠಕ್ಕಿಂತ ಮಾದರಿ ಪ್ರಶ್ನೆಗಳನ್ನು ಮತ್ತೆ ಮತ್ತೆ ಬಿಡಿಸಿದ್ದೇ ಜಾಸ್ತಿ ಕೆಲಸಕ್ಕೆ ಬಂತು. ನಮ್ಮಲ್ಲಿ ಪಿಯುಸಿ ಸೈನ್ಸ್ ಓದಿ ಹೋದವರಿಗೆ ಕಾಲೇಜ್ ಆಲ್ಜೀಬ್ರಾ ಕಷ್ಟ ಆಗುವುದಿಲ್ಲ. ಅಮೆರಿಕದ ಇತಿಹಾಸ, ಸರ್ಕಾರದ ವಿಷಯಗಳಿಗೆ ಮಾತ್ರ ಸಮಯ ಕೊಡಿ, ಅಲ್ಲಿ ಹುಟ್ಟಿ ಬೆಳೆದವರಿಗೆ ಕಿವಿಗೆ ಬಿದ್ದಿರುವ ಹೆಸರುಗಳು ನಮಗೆ ಹೊಸವು. ಭಾಷೆಯ ಪರೀಕ್ಷೆ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್‌ಗೆ ಮಾತ್ರ ಇದೆ, ಕನ್ನಡಕ್ಕಿಲ್ಲ.

ಕ್ಲೆಪ್‌ನಲ್ಲಿ ಇಲ್ಲದ ವಿಷಯಗಳಿಗೆ ಡಿಎಸ್‌ಎಸ್‌ಟಿ (DSST) ನೋಡಿ, ಅದೂ ಕ್ಲೆಪ್ ತರಹದ ಕ್ರೆಡಿಟ್ ಪರೀಕ್ಷೆ. ಅದಕ್ಕೂ ಮೊದಲ ಸಲದ ಫೀಸನ್ನು ಡ್ಯಾಂಟೀಸ್ ಕಟ್ಟುತ್ತದೆ, ಪಾಸಾಗಲು 400 ಬೇಕು.

ಎಲ್ಲವನ್ನೂ ಪರೀಕ್ಷೆಯಲ್ಲೇ ಮುಗಿಸುವ ಆಸೆ ಬೇಡ. ಎಂಜಿನಿಯರಿಂಗ್‌ನವರು ಕ್ಯಾಲ್ಕುಲಸ್ ಅನ್ನು ಕ್ಲಾಸಿನಲ್ಲೇ ಕೂತು ಕಲಿಯಿರಿ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಮೆಡಿಕಲ್ ಯೋಚನೆ ಇದ್ದರೆ ಬಯಾಲಜಿ, ಕೆಮಿಸ್ಟ್ರಿಯನ್ನು ಕ್ಲೆಪ್‌ನಲ್ಲಿ ಬರೆಯಲೇಬೇಡಿ, ಬಹಳಷ್ಟು ಮೆಡಿಕಲ್ ಸ್ಕೂಲ್‌ಗಳು ಒಪ್ಪುವುದಿಲ್ಲ. ಫುಲ್ ಟೈಮ್ ವಿದ್ಯಾರ್ಥಿ ಆಗಿದ್ದರೆ ಮಾತ್ರ ಸಿಗುವ ಸ್ಕಾಲರ್‌ಶಿಪ್ ಇದ್ದರೆ, ಕ್ಲಾಸ್ ಕಡಿಮೆ ಮಾಡಿ ಅದನ್ನು ಕಳೆದುಕೊಳ್ಳಬೇಡಿ.

ಇದಕ್ಕೆಲ್ಲ ಮೊದಲು ನಿಮ್ಮ ಜಾಯಿಂಟ್ ಸರ್ವಿಸಸ್ ಟ್ರಾನ್ಸ್‌ಕ್ರಿಪ್ಟ್ ಅನ್ನು, ಅಂದರೆ ಸೈನ್ಯದಲ್ಲಿ ಪಡೆದ ಟ್ರೈನಿಂಗ್‌ನ ಅಧಿಕೃತ ದಾಖಲೆಯನ್ನು, ಕಾಲೇಜಿಗೆ ಕಳಿಸಿ. ಬೇಸಿಕ್ ಟ್ರೈನಿಂಗ್‌ಗೂ ನಿಮ್ಮ ಕೆಲಸದ ಟ್ರೈನಿಂಗ್‌ಗೂ ಕೆಲವು ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ. ಅದರಲ್ಲಿ ಏನು ಬಂತು ಅಂತ ತಿಳಿದ ಮೇಲೆ ಉಳಿದ ವಿಷಯಗಳಿಗೆ ಪರೀಕ್ಷೆ ಆರಿಸಿಕೊಳ್ಳಿ. ಸ್ಕೋರ್ ಯಾವ ಕಾಲೇಜಿಗೆ ಹೋಗಬೇಕು ಅನ್ನುವುದನ್ನೂ ರಿಜಿಸ್ಟರ್ ಮಾಡುವಾಗಲೇ ತುಂಬಿ, ಆಗ ಕಳಿಸುವುದು ಉಚಿತ. ಆಮೇಲೆ ಕಳಿಸಿದರೆ ದುಡ್ಡು ಕೊಡಬೇಕು.