ಹುಂಜದ ಕತ್ತಿನಲ್ಲಿ ಗುಳಿಗೆ

'ಬ್ರಾಯ್ಲರ್ ಕೋಳಿಗೆ ಹೆಣ್ಣು ಹಾರ್ಮೋನ್ ಚುಚ್ಚಿ ಬೆಳೆಸುತ್ತಾರಂತೆ. ತಿಂದ ಹೆಣ್ಣುಮಕ್ಕಳು ಬೇಗ ದೊಡ್ಡವರಾಗುತ್ತಾರಂತೆ. ಮಗಳಿಗೆ ಕೊಡಲೋ ಬೇಡವೋ?' ಎಂದು ಕೇಳಿದ್ದೀರಿ. ಆ ಹಾರ್ಮೋನಿನಿಂದ ಕ್ಯಾನ್ಸರ್ ಬರುತ್ತದೆ ಎಂದು ವಾಟ್ಸಾಪ್‌ನಲ್ಲಿ ಬಂದ ಸಂದೇಶವನ್ನೂ ಬರೆದು ಕಳಿಸಿದ್ದೀರಿ.

ಹಾರ್ಮೋನಿಗೆ ಹೆದರಿ ಬಿಡಬೇಕಾಗಿಲ್ಲ, ಕೊಡಿ. ಆದರೆ ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಹಿಂದೆ ನಿಜವಾಗಿಯೂ ಹೀಗೆ ಮಾಡುತ್ತಿದ್ದರು.

1938ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಮತ್ತು ಜೊತೆಗಾರರು ಡಿಇಎಸ್ ಎಂಬ ಕೃತಕ ಈಸ್ಟ್ರೊಜನ್, ಅಂದರೆ ಹೆಣ್ಣು ಹಾರ್ಮೋನ್, ತಯಾರಿಸಿದರು. ಪೇಟೆಂಟ್ ಇರಲಿಲ್ಲ, ಹಾಗಾಗಿ ಅಗ್ಗ. 1940ರ ದಶಕದಲ್ಲಿ ಅಮೆರಿಕದ ಕೋಳಿ ಸಾಕುವವರು ಇದರ ಪುಟ್ಟ ಗುಳಿಗೆಯನ್ನು ಹುಂಜದ ಕತ್ತಿನಲ್ಲಿ, ತಲೆಗೆ ಹತ್ತಿರ, ಚರ್ಮದಡಿ ಸೇರಿಸತೊಡಗಿದರು. ಕೆಲವೇ ವಾರಗಳಲ್ಲಿ ಜುಟ್ಟು ಮುದುಡಿ ಬಿಳಿಚಿಕೊಳ್ಳುತ್ತಿತ್ತು. ಕೂಗಿಲ್ಲ, ಜಗಳವಿಲ್ಲ. ಚರ್ಮದಡಿ ಕೊಬ್ಬು ತುಂಬಿ ಮಾಂಸ ಮೆತ್ತಗಾಗುತ್ತಿತ್ತು. ಮಾಂಸ ಮೆತ್ತಗಾಗಲೆಂದು ಹುಂಜದ ಬೀಜ ತೆಗೆಸುವ ಕೆಲಸವೇ ತಪ್ಪಿತು! ಹೆಚ್ಚಿದ್ದು ಮುಖ್ಯವಾಗಿ ಕೊಬ್ಬು, ಮಾಂಸಖಂಡವಲ್ಲ. ಇದನ್ನು ನೆನಪಿಡಿ.

ಕತ್ತಿನಲ್ಲೇ ಯಾಕೆ? ಹೇಗೂ ತಲೆ ಕಡಿದು ಎಸೆಯುತ್ತಾರೆ, ಕರಗದೆ ಉಳಿದದ್ದು ಅದರ ಜೊತೆಗೇ ಹೋಗಲಿ ಅಂತ. ಲೆಕ್ಕ ಕೈಕೊಟ್ಟಿತು. ಎಸೆದ ತಲೆಗಳು ತುಪ್ಪಳಕ್ಕಾಗಿ ಸಾಕುವ ಮಿಂಕ್ ಪ್ರಾಣಿಗಳ ಹೊಟ್ಟೆ ಸೇರಿದವು. ಮಿಂಕ್‌ಗಳು ಮರಿ ಹಾಕುವುದೇ ನಿಂತಿತು. ಸಾಕಿದವರು ಗಲಾಟೆ ಎಬ್ಬಿಸಿದರು. ಮುಂದೆ ಕೋಳಿಯ ಲಿವರ್, ಕಿಡ್ನಿ, ಚರ್ಮದ ಕೊಬ್ಬಿನಲ್ಲೂ ಡಿಇಎಸ್ ಉಳಿದಿರುವುದು ಗೊತ್ತಾಯಿತು. 1959ರ ಡಿಸೆಂಬರ್‌ನಲ್ಲಿ ಆಗಿನ ಆರೋಗ್ಯ ಮಂತ್ರಿ ಆರ್ಥರ್ ಫ್ಲೆಮಿಂಗ್ ಕೋಳಿಗೆ ಇದರ ಬಳಕೆ ನಿಲ್ಲಿಸಿರುವುದಾಗಿ ಹೇಳಿದರು. ದನಗಳಿಗೆ ಕೊಡುವುದು ನಿಲ್ಲಲು ಮಾತ್ರ 1979 ಬರಬೇಕಾಯಿತು!

ನಡುವೆ, 1971ರಲ್ಲಿ, ಇನ್ನೊಂದು ಆಘಾತ. ಗರ್ಭಪಾತ ಆಗದಿರಲೆಂದು ಡಾಕ್ಟರು ಬರೆದುಕೊಟ್ಟ ಡಿಇಎಸ್ ನುಂಗಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಕಾಣಿಸಿತು. ಅದು ಔಷಧಿಯಾಗಿ ಕೊಟ್ಟದ್ದು, ಕೋಳಿಯಿಂದ ಬಂದದ್ದಲ್ಲ. ಸಂದೇಶ ಬರೆದವರು ಎರಡನ್ನೂ ಕಲಸಿಬಿಟ್ಟಿದ್ದಾರೆ.

ಇವತ್ತಿನ ಬ್ರಾಯ್ಲರ್ ಆರು ವಾರಕ್ಕೆ ಎರಡು ಕೆಜಿ ತೂಗುವುದು ತಳಿಯಿಂದ, ಮೆಕ್ಕೆಜೋಳ-ಸೋಯಾ ಮೇವಿನಿಂದ. ಸಾವಿರಾರು ಕೋಳಿಗಳನ್ನು ಒಂದೊಂದಾಗಿ ಹಿಡಿದು ಚುಚ್ಚುತ್ತಾ ಕೂತರೆ ಸಾಕುವವನಿಗೆ ಗಿಟ್ಟುವುದೇನು, ಅದೂ ಬರೀ ಕೊಬ್ಬಿಗಾಗಿ? ಹುಡುಗಿಯರು ಬೇಗ ಮೈನೆರೆಯುವುದಕ್ಕೆ ಮೈತೂಕವೂ ಒಂದು ಕಾರಣ. ಮಗಳ ವಿಷಯದಲ್ಲಿ ಅನುಮಾನವಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಕೋಳಿ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ ಆಂಟಿಬಯಾಟಿಕ್‌ನದ್ದು. ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ಕನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ನಮ್ಮ ಸರ್ಕಾರ 2019ರಲ್ಲಿ ನಿಷೇಧಿಸಿತು. ಫಾರ್ಮ್‌ನವರು ಯಾರಾದರೂ ಪರಿಚಯವಿದ್ದರೆ ಹಾರ್ಮೋನ್ ಮಾತು ಬಿಡಿ, ಔಷಧಿ ನಿಲ್ಲಿಸಿದ ಎಷ್ಟು ದಿನಕ್ಕೆ ಕೋಳಿ ಮಾರುತ್ತೀರಿ ಎಂದು ಕೇಳಿ.