ಒಪೆರಾ ಇಲ್ಲದ ಒಪೆರಾ ಹೌಸ್

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ಅಯೋವಾಕ್ಕೆ ಹೋಗಿದ್ದೆ. ಸುತ್ತಮುತ್ತಲ ಸಣ್ಣ ಊರುಗಳ ಮೇನ್ ಸ್ಟ್ರೀಟಿನಲ್ಲಿ ಹಳೇ ಸಿನಿಮಾ ಥಿಯೇಟರುಗಳನ್ನು ನೋಡಿದೆ, ಕೆಲವಕ್ಕೆ ಬೀಗ ಬಿದ್ದಿತ್ತು. ಒಂದರ ಮೇಲೆ ‘ಒಪೆರಾ ಹೌಸ್’ ಎಂದು ಬರೆದಿತ್ತು. ಅಂಥ ಊರಲ್ಲಿ ಒಪೆರಾ ನೋಡುವವರು ಯಾರು? ಥಿಯೇಟರುಗಳನ್ನು ಟಿವಿ ಮುಚ್ಚಿಸಿತು ಅಂತ ಅಳಿಯ ಹೇಳುತ್ತಾರೆ, ನಿಜವೇ?
— ಓದುಗರೊಬ್ಬರು, ಹಾಸನ

ಉತ್ತರ: ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ, ನೋಡುವವರು ಅಲ್ಲಿ ಇದ್ದದ್ದೇ ಅಪರೂಪ ಬಿಡಿ! 19ನೇ ಶತಮಾನದಲ್ಲಿ ‘ಥಿಯೇಟರ್’ ಅಂದರೆ ಚರ್ಚಿಗೆ ಹೋಗುವ ಮಂದಿ ಮೂಗು ಮುರಿಯುತ್ತಿದ್ದರು. ಅದಕ್ಕೇ ಈ ಮರ್ಯಾದಸ್ಥ ಹೆಸರು. ಒಳಗೆ ನಡೆಯುತ್ತಿದ್ದದ್ದು ಊರೂರು ತಿರುಗುವ ಕಂಪನಿಗಳ ನಾಟಕ, ಹಾಡು, ಭಾಷಣ. ಸಿನಿಮಾ ಬಂದಾಗ ತಿರುಗಾಟದವರು ಪ್ರೊಜೆಕ್ಟರ್ ಹೊತ್ತುಕೊಂಡು ಇಲ್ಲಿಗೇ ಬಂದರು. ನೀವು ಹೋದ ಅಯೋವಾದಲ್ಲೇ ವಾಷಿಂಗ್ಟನ್ ಅನ್ನುವ ಸಣ್ಣ ಊರಿದೆ (ರಾಜಧಾನಿ ಅಲ್ಲ). ಅಲ್ಲಿನ ಒಪೆರಾ ಹೌಸಿನಲ್ಲಿ 1897ರಲ್ಲೇ ಸಿನಿಮಾ ತೋರಿಸಿದ್ದರು. ಅದೇ ಇವತ್ತಿನ ಸ್ಟೇಟ್ ಥಿಯೇಟರ್.

1905ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಒಂದು ನಿಕಲ್ ನಾಣ್ಯಕ್ಕೆ, ಅಂದರೆ ಐದು ಸೆಂಟಿಗೆ, ಸಿನಿಮಾ ತೋರಿಸುವ ‘ನಿಕಲೋಡಿಯನ್’ ಶುರುವಾಯಿತು. ನೋಡ್ತಾ ನೋಡ್ತಾ ಸಣ್ಣ ಊರುಗಳಲ್ಲೂ ಅಂಗಡಿ ಖಾಲಿ ಮಾಡಿ, ಕುರ್ಚಿ ಹಾಕಿ, ಪರದೆ ಕಟ್ಟಿದರು. ಆಮೇಲೆ ಬಂದವು ರಿಯಾಲ್ಟೊ, ಬಿಜೂ, ಸ್ಟ್ರ್ಯಾಂಡ್ ಅನ್ನುವ ಬೆಡಗಿನ ಹೆಸರುಗಳು.

ಹೆಸರು ಬೆಡಗಿನದಾದರೂ ಮಾಲೀಕನ ಪಾಡು ಯಾವಾಗಲೂ ಕಷ್ಟವೇ. ಹೊಸ ಚಿತ್ರ ಮೊದಲು ದೊಡ್ಡ ಪಟ್ಟಣಗಳಲ್ಲಿ ಓಡಿ, ಗೀರು ಬಿದ್ದ ರೀಲು ಎಷ್ಟೋ ವಾರಗಳ ನಂತರ ಇವನ ಕೈಗೆ ಬರುತ್ತಿತ್ತು. ಒಳ್ಳೆಯದೊಂದು ಬೇಕಾದರೆ ಡಬ್ಬಾ ಚಿತ್ರಗಳ ಗಂಟನ್ನೂ ಸ್ಟುಡಿಯೋಗಳು ಗಂಟು ಹಾಕುತ್ತಿದ್ದವು, ಎಷ್ಟೋ ಸಲ ನೋಡದೆಯೇ ಕೊಳ್ಳಬೇಕು. ಸುಪ್ರೀಂ ಕೋರ್ಟು ಇದಕ್ಕೆ ತಡೆ ಹಾಕಿದ್ದು 1948ರಲ್ಲಿ. ಅಲ್ಲಿಯವರೆಗೆ ಇವರಿಗೆ ಇದ್ದ ಆಸರೆಯೊಂದು ನಮ್ಮ ಈ ಅಂಕಣದ ಥರದ್ದೇ! ‘ಎಕ್ಸಿಬಿಟರ್ಸ್ ಹೆರಾಲ್ಡ್’ ಪತ್ರಿಕೆ 1916ರಲ್ಲಿ ಒಂದು ಅಂಕಣ ಶುರು ಮಾಡಿತು, ಯಾವ ಚಿತ್ರ ತಮ್ಮ ಊರಲ್ಲಿ ದುಡ್ಡು ತಂತು, ಯಾವುದು ಮುಳುಗಿಸಿತು ಅಂತ ಮಾಲೀಕರೇ ಬರೆಯುತ್ತಿದ್ದರು, ಬೇರೆ ಊರಿನವನು ಓದಿ ಹುಷಾರಾಗುತ್ತಿದ್ದ.

1927ರ ನಂತರ ಮಾತಿನ ಚಿತ್ರಗಳು ಬಂದವು. ಪಿಯಾನೋ ನುಡಿಸುವವರ ಕೆಲಸ ಹೋಯಿತು, ಧ್ವನಿ ಯಂತ್ರಕ್ಕೆ ದುಡ್ಡಿಲ್ಲದ ಥಿಯೇಟರುಗಳು ಮುಚ್ಚಿದವು. ಅದರ ಬೆನ್ನಿಗೇ ಮಹಾ ಆರ್ಥಿಕ ಕುಸಿತ. ಆಗ ನೋಡಿ ಇವರ ಕಸರತ್ತು. ‘ಡಿಶ್ ನೈಟ್’ ಅಂತ ಟಿಕೆಟ್ ಜೊತೆ ಒಂದು ತಟ್ಟೆ ಅಥವಾ ಬಟ್ಟಲು ಕೊಡುತ್ತಿದ್ದರು, ಇಡೀ ಸೆಟ್ ಆಗಬೇಕಾದರೆ ಮನೆಯಾಕೆ ವಾರ ವಾರ ಬರಲೇಬೇಕು. ‘ಬ್ಯಾಂಕ್ ನೈಟ್’ನಲ್ಲಿ ಚೀಟಿ ಎತ್ತಿ ನಗದು ಬಹುಮಾನ. ಹೆಸರು ಬರೆಸಲು ಟಿಕೆಟ್ ಬೇಡ, ಇಲ್ಲವಾದರೆ ಲಾಟರಿ ಕಾನೂನು ಅಡ್ಡ ಬರುತ್ತದಲ್ಲ, ಆದರೆ ಹೆಸರು ಕೂಗಿದ ಕೆಲವೇ ನಿಮಿಷದಲ್ಲಿ ವೇದಿಕೆ ಹತ್ತಬೇಕು, ಹಾಗಾಗಿ ಒಳಗೇ ಕೂತಿರುವುದು ವಾಸಿ! ಅಲ್ಲಿಯವರೆಗೆ ಬಾಗಿಲಾಚೆ ಮಾರುತ್ತಿದ್ದ ಪಾಪ್‌ಕಾರ್ನ್ ಒಳಗೆ ಬಂದದ್ದೂ ಈ ಕಾಲದಲ್ಲೇ.

ಊರವರೆಲ್ಲ ಒಟ್ಟಿಗೆ ಕೂತು ನೋಡುತ್ತಿದ್ದರು ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬಾಲ್ಕನಿ ಮಾತ್ರ (ನಮ್ಮಲ್ಲಿಯ ಹಾಗೆ ದುಬಾರಿ ಸೀಟಲ್ಲ), ಎಷ್ಟೋ ಕಡೆ ಪಕ್ಕದ ಓಣಿಯಿಂದ ಬೇರೆ ಬಾಗಿಲು. ಕೆಲವು ಕಡೆ ಅವರನ್ನು ಒಳಗೇ ಬಿಡುತ್ತಿರಲಿಲ್ಲ.

ಇನ್ನು ಟಿವಿ ವಿಷಯ. ನಿಮ್ಮ ಅಳಿಯನವರ ಮಾತು ಅರ್ಧ ನಿಜ. ಜನ ಅತಿ ಜಾಸ್ತಿ ಸಿನಿಮಾ ನೋಡಿದ್ದು 1946ರ ಸುಮಾರಿಗೆ, ಮುಂದಿನ ವರ್ಷದಿಂದಲೇ ಇಳಿಕೆ. 1950ರಲ್ಲೂ ಟಿವಿ ಇದ್ದದ್ದು ನೂರಕ್ಕೆ 9 ಮನೆಗಳಲ್ಲಿ. ನನ್ನ ಪ್ರಕಾರ ಸಣ್ಣ ಊರಿಗೆ ಕಾರಿನ ಪೆಟ್ಟೂ ಕಡಿಮೆಯಲ್ಲ. ಶನಿವಾರ ಸಂತೆಗೆಂದು ಮೇನ್ ಸ್ಟ್ರೀಟಿಗೆ ಬಂದು ಹಾಗೇ ಸಿನಿಮಾಕ್ಕೆ ನುಗ್ಗುತ್ತಿದ್ದ ರೈತ, ಒಳ್ಳೇ ರಸ್ತೆ ಆದ ಮೇಲೆ ದೊಡ್ಡ ಪಟ್ಟಣಕ್ಕೋ, ಕಾರಲ್ಲೇ ಕೂತು ಸಿನಿಮಾ ನೋಡುವ ಡ್ರೈವ್-ಇನ್‌ಗೋ ಹೋದ. ಅಂಗಡಿಗಳೂ ಅವನ ಹಿಂದೆಯೇ ಹೋದವು.

ಉಳಿದವಕ್ಕೆ 2013ರ ಹೊತ್ತಿಗೆ ಮತ್ತೊಂದು ಹೊಡೆತ. ಸ್ಟುಡಿಯೋಗಳು ರೀಲು ನಿಲ್ಲಿಸಿದವು, ಡಿಜಿಟಲ್ ಪ್ರೊಜೆಕ್ಟರಿಗೆ ಹತ್ತಾರು ಸಾವಿರ ಡಾಲರ್. ಎಷ್ಟೋ ಊರುಗಳಲ್ಲಿ ಜನ ಚಂದಾ ಎತ್ತಿ ಕೊಡಿಸಿದರು. ಕೆಲವು ಕಡೆ ಟಿಕೆಟ್ ಹರಿಯುವವರು, ಕಸ ಗುಡಿಸುವವರು ಎಲ್ಲ ಸಂಬಳವಿಲ್ಲದ ಊರವರೇ. ಮುಂದಿನ ಸಲ ಹೋದಾಗ ಅಂಥದ್ದೊಂದರಲ್ಲಿ ಸಿನಿಮಾ ನೋಡಿ, ಪಾಪ್‌ಕಾರ್ನ್ ತಗೊಳ್ಳೋದು ಮರೀಬೇಡಿ. ಟಿಕೆಟ್ ದುಡ್ಡಿನ ದೊಡ್ಡ ಪಾಲು ಸ್ಟುಡಿಯೋಗೆ ಹೋಗುತ್ತದೆ, ಪಾಪ್‌ಕಾರ್ನಿನದು ಊರಲ್ಲೇ ಉಳಿಯುತ್ತದೆ.