ಬಾಣಂತನಕ್ಕೆ ಲಿಯೋನ್‌ಗೆ ಹೊರಟಿದ್ದೀರಾ? ತುಪ್ಪದ ಡಬ್ಬಿ ಕೆಳಗಿಡಿ

ಈ ಸಲ ಬಂದ ಪತ್ರಗಳಲ್ಲಿ ಐದು ಪತ್ರ ಫ್ರೆಂಚ್ ಮಾತಾಡುವ ಊರುಗಳಿಗೆ ಹೊರಟವರದು. ಇದಕ್ಕೆಲ್ಲ ಉತ್ತರ ಹೇಳಲು ನನಗಿರುವ ಅರ್ಹತೆ ಇಷ್ಟೇ: ಉಡುಪಿಯ ಬ್ಯಾಂಕೊಂದರಲ್ಲಿ 34 ವರ್ಷ ಕ್ಯಾಶ್ ಎಣಿಸಿ ನಿವೃತ್ತಳಾದ ಮೇಲೆ, ಮಗಳ ಬಾಣಂತನಕ್ಕೆ ಅಂತ ಎರಡು ಸಲ ಫ್ರಾನ್ಸಿನ ಲಿಯೋನ್‌ಗೆ ಹೋಗಿ ಬಂದಿದ್ದೇನೆ. ಮಾಡಬಾರದ ತಪ್ಪನ್ನೆಲ್ಲ ಮೊದಲ ಸಲವೇ ಮಾಡಿ ಮುಗಿಸಿದ್ದೇನೆ.

ಪ್ರಶ್ನೆ: ಮಗಳು, ಅಳಿಯ ಲಿಯೋನ್‌ನಲ್ಲಿದ್ದಾರೆ. ಚೊಚ್ಚಲ ಹೆರಿಗೆ. ನಾನು, ಯಜಮಾನರು ಮೊದಲ ಸಲ ವಿಮಾನ ಹತ್ತುವವರು. ನಾಲ್ಕು ತಿಂಗಳು ಇದ್ದು ಬರುವ ಆಸೆ. ಎರಡು ಕಿಲೋ ತುಪ್ಪ, ಲೇಹ್ಯ, ಕೊಬ್ಬರಿ, ಸಾಂಬ್ರಾಣಿ ಎಲ್ಲ ಕಟ್ಟಿಟ್ಟಿದ್ದೇನೆ. ಇನ್ನೇನು ಬೇಕಾದೀತು?
— ಓದುಗಿ, ಕಲ್ಯಾಣಪುರ

ಉತ್ತರ: ಅಮ್ಮ, ಮೊದಲು ಆ ನಾಲ್ಕು ತಿಂಗಳನ್ನು ಮೂರು ಮಾಡಿ. ಮಕ್ಕಳನ್ನು ನೋಡಿ ಬರಲು ಕೊಡುವ ಷೆಂಗೆನ್ ವೀಸಾದಲ್ಲಿ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಇದೊಂದೇ ವೀಸಾ) ಯಾವುದೇ 180 ದಿನದೊಳಗೆ 90 ದಿನ ಮಾತ್ರ ಇರಬಹುದು. ಇಳಿದ ದಿನ, ಹೊರಡುವ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಹೆಚ್ಚು ದಿನ ಬೇಕೆಂದರೆ ಅದು ಬೇರೆಯದೇ ವೀಸಾ, ಬೇರೆಯದೇ ಕಾಗದ. ನಾನು ಹೋದಾಗ ಪಾಸ್‌ಪೋರ್ಟಿಗೆ ಸೀಲು ಹೊಡೆಯುತ್ತಿದ್ದರು. 2025ರ ಅಕ್ಟೋಬರ್ 12ರಿಂದ ಬೆರಳಚ್ಚು, ಫೋಟೋ ತೆಗೆದು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಶುರುವಾಗಿದೆ. ಒಂದು ದಿನ ಜಾಸ್ತಿಯಾದರೂ ಅದು ಹೇಳಿಬಿಡುತ್ತದೆ. ಡಾಕ್ಟರು ಕೊಟ್ಟ ತಾರೀಕಿಗೆ ಹತ್ತು ದಿನ ಮೊದಲು ಅಲ್ಲಿರುವ ಹಾಗೆ ಟಿಕೆಟ್ ಮಾಡಿಸಿ. ಅದಕ್ಕಿಂತ ಮುಂಚೆ ಹೋದರೆ ಮಗಳ ಹೊಟ್ಟೆ ನೋಡುತ್ತಾ ಕೂರುವುದರಲ್ಲೇ ದಿನ ಕಳೆದುಹೋಗುತ್ತದೆ.

ಅಳಿಯನಿಗೆ ಇವತ್ತೇ ಫೋನ್ ಮಾಡಿ ಒಂದು ಕೆಲಸ ಹೇಳಿ. ಅವರು ಅಲ್ಲಿ ತಾವಿರುವ ಊರಿನ ಪುರಸಭೆಗೆ ಹೋಗಿ, 'ಇವರು ನಮ್ಮ ಮನೆಯಲ್ಲೇ ಉಳಿಯುತ್ತಾರೆ' ಎನ್ನುವ ಪತ್ರ ಮಾಡಿಸಬೇಕು. ಅದಕ್ಕೆ ಅತೆಸ್ತಾಸ್ಯೋಂ ದಾಕ್ಯೋಯ್ ಅನ್ನುತ್ತಾರೆ. ಹೆಸರು ಬಾಯಿಗೆ ಬರದಿದ್ದರೂ ಚಿಂತೆಯಿಲ್ಲ, ಅಳಿಯನಿಗೆ ಗೊತ್ತಾಗುತ್ತದೆ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ ಸಾಲದು, ಅಸಲು ಪತ್ರವೇ ಕೊರಿಯರಿನಲ್ಲಿ ಬರಬೇಕು. ತಡವಾಗುವುದು ಇಲ್ಲೇ. ಉಳಿದದ್ದು ನಿಮ್ಮ ಕೈಯಲ್ಲಿದೆ: ಬ್ಯಾಂಕ್ ಸ್ಟೇಟ್‌ಮೆಂಟ್, ಕನಿಷ್ಠ 30,000 ಯೂರೋ ಖರ್ಚು ಭರಿಸುವ ಪ್ರಯಾಣ ವಿಮೆ, ವಾಪಸು ಬಂದ ಮೇಲೂ ಮೂರು ತಿಂಗಳು ಅವಧಿ ಉಳಿದಿರುವ ಪಾಸ್‌ಪೋರ್ಟ್. ವೀಸಾ ಶುಲ್ಕ 90 ಯೂರೋ. 2024ರ ಜೂನ್‌ವರೆಗೆ 80 ಇತ್ತು. ಅರ್ಜಿಯನ್ನು ಆರು ತಿಂಗಳು ಮುಂಚೆಯೇ ಹಾಕಬಹುದು.

ವೀಸಾ ಅರ್ಜಿಗೆ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ನಾವು ರಾತ್ರಿ ಪಂಚಗಂಗಾ ರೈಲು ಹತ್ತಿ, ಬೆಳಿಗ್ಗೆ ಇಳಿದು, ಸ್ಟೇಷನ್ನಿನಲ್ಲೇ ಮುಖ ತೊಳೆದು ಹೋದೆವು. ತೆಂಗಿನಕಾಯಿ ತುರಿದು, ಪಾತ್ರೆ ತಿಕ್ಕಿ ಸವೆದ ನನ್ನ ಬೆರಳು ಯಂತ್ರಕ್ಕೆ ಅರ್ಥವೇ ಆಗಲಿಲ್ಲ. ಮೂರು ಸಲ ಒತ್ತಿಸಿದರು. ಹಿಂದಿನ ರಾತ್ರಿ ಬೆರಳಿಗೆ ಎಣ್ಣೆ ಹಚ್ಚಿ ಮಲಗಿ, ಬೆಳಿಗ್ಗೆ ಸೋಪಿನಿಂದ ತೊಳೆದು ಹೋಗಿ.

ಈಗ ನಿಮ್ಮ ಗಂಟಿಗೆ ಬರೋಣ. ತುಪ್ಪ ಕೆಳಗಿಡಿ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿನ ಒಕ್ಕೂಟದಲ್ಲಿ ನಿಷೇಧ ಉಂಟು. ಪೇಡ, ಪನೀರ್ ಎಲ್ಲ ಅದರಲ್ಲೇ ಬಂತು. ತುಪ್ಪ ಹಾಕಿ ಕಾಯಿಸಿದ ಲೇಹ್ಯವೂ ಬೇಡ. ಶುಂಠಿ ಪುಡಿ, ಓಮ, ಮೆಂತೆ, ಹಿಪ್ಪಲಿ, ಬೆಲ್ಲ ಒಯ್ದು ಅಲ್ಲೇ ಕಾಯಿಸಿ. ಅಂಗಡಿಯ ಪ್ಯಾಕೆಟ್ ಒಡೆಯಬೇಡಿ. ಹೆಸರಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಪುಡಿ ಕಟ್ಟಿಕೊಂಡು ಹೋದರೆ ಯಾರಿಗಾದರೂ ಸಂಶಯ ಬಂದೀತು. ಒಣ ಕೊಬ್ಬರಿಗೆ ಬೆಂಕಿ ಬೇಗ ಹತ್ತುತ್ತದೆ ಅಂತ ನಮ್ಮ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ಕರಿಬೇವಿನ ಸೊಪ್ಪು, ಹೂವು ಬೇಕಾದರೆ ಗಿಡಗಳಿಗೆ ರೋಗವಿಲ್ಲ ಎನ್ನುವ ಸರ್ಟಿಫಿಕೇಟ್ ಬೇಕು. ಹಾಗಾಗಿ ಶಂಕರಪುರ ಮಲ್ಲಿಗೆಯ ಚೆಂಡನ್ನೂ ಮರೆತುಬಿಡಿ.

ತುಪ್ಪ ಅಲ್ಲೇ ಕಾಯಿಸಬಹುದು. ಬೆಣ್ಣೆ ಅಂದರೆ ಅಲ್ಲಿನದೇ ಬೆಣ್ಣೆ ಮಾರಾಯ್ರೆ, ಅಷ್ಟು ಒಳ್ಳೆಯದು. ಆದರೆ ಪೊಟ್ಟಣದ ಮೇಲೆ 'ದೂ' (doux) ಅಂತ ಬರೆದದ್ದನ್ನೇ ತನ್ನಿ. 'ದೆಮಿ ಸೆಲ್' ಅಂದರೆ ಉಪ್ಪು ಬೆರೆಸಿದ್ದು. ನನಗೆ ಗೊತ್ತಿರಲಿಲ್ಲ. ಚಂದದ ಚಿನ್ನದ ಬಣ್ಣದ ಕಾಗದ ನೋಡಿ ನಾಲ್ಕು ಪೊಟ್ಟಣ ತಂದು ಒಲೆಗಿಟ್ಟೆ. ಪರಿಮಳವೆಲ್ಲ ಸರಿಯಾಗಿಯೇ ಬಂತು. ಸೋಸಿದ ಮೇಲೆ ತಳದ ಚರಟಕ್ಕೆ ಬೆಲ್ಲ ಸೇರಿಸಿ, ಚಿಕ್ಕಂದಿನ ಹಾಗೆ ಒಂದು ತುತ್ತು ಬಾಯಿಗೆ ಹಾಕಿದೆ. ಉಪ್ಪೋ ಉಪ್ಪು! ಸಿಂಕಿಗೆ ಓಡಿ ಉಗುಳಿದೆ. ಮಗಳು ನಗುತ್ತಾ ಹೊಲಿಗೆ ನೋಯುತ್ತದೆ ಅಂತ ಹೊಟ್ಟೆ ಹಿಡಿದುಕೊಂಡು ಕೂತಳು.

ಸಾಂಬ್ರಾಣಿ ವಿಷಯ ಇನ್ನೂ ದೊಡ್ಡದು. 2015ರ ಮಾರ್ಚ್‌ನಿಂದ ಫ್ರಾನ್ಸಿನ ಎಲ್ಲ ಮನೆಗಳಲ್ಲೂ ಹೊಗೆ ಕಂಡರೆ ಕೂಗುವ ಯಂತ್ರ ಕಡ್ಡಾಯ. ಮಾಡಿನಲ್ಲಿ ಬಿಳಿ ತಟ್ಟೆಯ ಹಾಗೆ ಕೂತಿರುತ್ತದೆ, ನಾನು ಅದನ್ನು ಲೈಟ್ ಅಂದುಕೊಂಡಿದ್ದೆ. ಮಗುವಿಗೆ ಸ್ನಾನ ಮಾಡಿಸಿ ತಲೆಗೆ ಧೂಪ ಹಿಡಿದೆ ನೋಡಿ, ಅದು ಕಿರುಚಿದ್ದಕ್ಕೆ ಮಗು ಬೆಚ್ಚಿಬಿತ್ತು, ನಾನೂ ಬೆಚ್ಚಿಬಿದ್ದೆ. ನಮ್ಮವರು ಕುರ್ಚಿ ಹತ್ತಿ ಬೈರಾಸಿನಿಂದ ಗಾಳಿ ಬೀಸಿದರು. ಅಷ್ಟರಲ್ಲಿ ಕೆಳಗಿನ ಮನೆಯ ಅಜ್ಜಿ ಬಾಗಿಲು ಬಡಿದರು. ಮುಖ ಗಂಟಿಕ್ಕಿತ್ತು. ನನಗೆ ಬರುತ್ತಿದ್ದದ್ದು ಒಂದೇ ಮಾತು, 'ಬೊಂಜೂರ್ ಮದಾಮ್'. ಅಂದೆ. ಅಂದು ಮಗುವನ್ನು ತೋರಿಸಿದೆ. ಗಂಟು ಬಿಚ್ಚಿತು. ಮರುದಿನ ಆ ಅಜ್ಜಿ ಉಣ್ಣೆಯ ಸಣ್ಣ ಕಾಲುಚೀಲ ತಂದುಕೊಟ್ಟರು.

ಬಾಣಂತಿ ಸ್ನಾನಕ್ಕೆ ಹಂಡೆ ನೀರಿನ ಕನಸು ಕಾಣಬೇಡಿ. ಮಗಳ ಮನೆಯಲ್ಲಿ ಬಿಸಿನೀರಿಗೆ ಒಂದು ಟ್ಯಾಂಕ್, ಖಾಲಿಯಾದರೆ ಗಂಟೆಗಟ್ಟಲೆ ಕಾಯಬೇಕು. ಬಚ್ಚಲಿನ ನೆಲದಲ್ಲಿ ನೀರು ಹೋಗುವ ತೂತೇ ಇಲ್ಲ. ಟಬ್ಬಿನ ಹೊರಗೆ ಎರಡು ಚೊಂಬು ಹೊಯ್ದರೆ ಕೆಳಗಿನ ಅಜ್ಜಿಯ ಮಾಡು ಒದ್ದೆ. ಪಾಯಿಖಾನೆಯಲ್ಲಿ ಕಾಗದ ಮಾತ್ರ ಇರುತ್ತದೆ, ಒಂದು ಸಣ್ಣ ಮಗ್ ಮರೆಯದೆ ಇಟ್ಟುಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಬರೆದೆ.

ಹೆರಿಗೆಯಾಗಿ ಮೂರ್ನಾಲ್ಕು ದಿನಕ್ಕೆ ಮನೆಗೆ ಕಳಿಸುತ್ತಾರೆ. ಆಮೇಲೆ ಸೂಲಗಿತ್ತಿ ಮನೆಗೇ ಬಂದು ನೋಡುತ್ತಾಳೆ. ಅವರ ಭಾಷೆಯಲ್ಲಿ ಸೂಲಗಿತ್ತಿಗೆ 'ಸಾಜ್ ಫಾಮ್', ಅಂದರೆ ಜಾಣೆ ಹೆಂಗಸು! ಆಕೆ ಹೇಳಿದ್ದು ನಮ್ಮ ಪದ್ಧತಿಗೆ ಹೊಂದದಿದ್ದರೆ ಅಲ್ಲೇ ವಾದಕ್ಕೆ ಇಳಿಯಬೇಡಿ. ನಡುವೆ ಸಿಕ್ಕಿಬೀಳುವವಳು ಮಗಳು.

ಇನ್ನೊಂದು ಮುಖ್ಯ ಸಂಗತಿ. ಹುಟ್ಟಿದ ಐದು ದಿನದೊಳಗೆ ಪುರಸಭೆಯಲ್ಲಿ ಹೆಸರು ಸಮೇತ ಜನನ ದಾಖಲಾಗಬೇಕು. ನಮ್ಮಲ್ಲಿ ಹನ್ನೊಂದಕ್ಕೋ ಹನ್ನೆರಡಕ್ಕೋ ನಾಮಕರಣ, ಅಲ್ವಾ? ಅಲ್ಲಿಯವರೆಗೆ ಅವರು ಕಾಯುವುದಿಲ್ಲ. ಗಂಡಿಗೊಂದು, ಹೆಣ್ಣಿಗೊಂದು ಹೆಸರು ಹೆರಿಗೆಗೆ ಮುಂಚೆಯೇ ತೀರ್ಮಾನವಾಗಲಿ. ನಕ್ಷತ್ರ ನೋಡಿ ಅಕ್ಷರ ಹುಡುಕುವವರಾದರೆ ಭಟ್ಟರ ಫೋನ್ ನಂಬರ್ ಕೈಯಲ್ಲೇ ಇರಲಿ.

ಮೊದಲ ಸಲದ ವಿಮಾನ ಅಂದಿರಿ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ನಡೆಯಲು ಬರುತ್ತದೆ ಅಂತ ನಾಚಬೇಡಿ. ಪ್ಯಾರಿಸ್ಸಿನಲ್ಲಿ ಇಳಿದಾಗ ಬೋರ್ಡ್ ಓದುವ ಕಷ್ಟ ತಪ್ಪುತ್ತದೆ, ಲಿಯೋನ್‌ಗೆ ಹೋಗುವ ರೈಲು ಅದೇ ವಿಮಾನ ನಿಲ್ದಾಣದೊಳಗೆ ಸಿಗುತ್ತದೆ. ಎರಡು ಗಂಟೆಯ ದಾರಿ.

ಪ್ರಶ್ನೆ: ನಾವು ಮೀನು ತಿನ್ನುವವರು. ಮಗನಿಗೆ ಒಣ ಮೀನು, ಸಿಗಡಿ ಒಯ್ಯಬಹುದಾ? ಅದೂ ಬೇಡ ಅಂತೀರಾ?
— ಓದುಗ, ಮಲ್ಪೆ

ಉತ್ತರ: ಒಯ್ಯಿರಿ! ತುಪ್ಪಕ್ಕಿಲ್ಲದ ಭಾಗ್ಯ ಮೀನಿಗುಂಟು. ಫ್ರಾನ್ಸಿಗೆ ಸ್ವಂತಕ್ಕೆ ಅಂತ ಒಬ್ಬರು 20 ಕಿಲೋವರೆಗೆ ಮೀನು ಒಯ್ಯಬಹುದು, ಒಣಗಿಸಿದ್ದೂ ಸೇರಿ. ಕೋಳಿ ಸುಕ್ಕ ಮಾತ್ರ ಸುತರಾಂ ಬೇಡ. ವಾಸನೆ ಬಾರದ ಹಾಗೆ ಮೂರು ಸುತ್ತು ಕಟ್ಟಿ. ಪೆಟ್ಟಿಗೆಯಲ್ಲಿ ಸೀರೆ ಇದ್ದರೆ ನಾಲ್ಕು ಸುತ್ತು.

ಪ್ರಶ್ನೆ: ನನಗೆ 63. ಈ ವಯಸ್ಸಿಗೆ ಫ್ರೆಂಚ್ ನಾಲಿಗೆಗೆ ಹತ್ತೀತಾ? ಮನೆಮಾತು ಕೊಂಕಣಿ.
— ಓದುಗಿ, ಮಂಗಳೂರು

ಉತ್ತರ: ಕೊಂಕಣಿಯಾ? ಹಾಗಾದರೆ ಅರ್ಧ ಕೆಲಸ ಆಗಿದೆ. ಫ್ರೆಂಚಿನಲ್ಲಿ ಬೇರೆಯವರು ಸೋಲುವುದು ಮೂಗಿನ ಸ್ವರದಲ್ಲಿ. ನೀವು 'ಹಾಂವ್', 'ತೂಂ' ಅನ್ನುವಾಗ ಉಸಿರು ಮೂಗಿಗೆ ಹೋಗುತ್ತದಲ್ಲ, ಹಾಗೆಯೇ. ಬೊಂಜೂರಿನ 'ಬೊಂ' ಅಲ್ಲಿಂದಲೇ ಬರಬೇಕು, 'ಬೊನ್' ಅಂತ ನಾಲಿಗೆ ತಾಗಬಾರದು. ನಾವು ತುಳು, ಕನ್ನಡದವರು ಇದಕ್ಕೆ ತಿಣುಕಬೇಕು.

ವ್ಯಾಕರಣ ಬಿಡಿ. ಬೊಂಜೂರ್, ಮೆರ್ಸಿ, ಪಾರ್ದೋಂ, ಸಿಲ್ ವು ಪ್ಲೆ. ಅಂಗಡಿಗೆ ಕಾಲಿಟ್ಟ ಕೂಡಲೇ ಬೊಂಜೂರ್, ಸಂಜೆಯಾದರೆ ಬೊಂಸ್ವಾರ್, ಆಮೇಲೆ ನಿಮ್ಮ ಪ್ರಶ್ನೆ. ಬೊಂಜೂರ್ ಅನ್ನದೆ ನೇರ 'ಟೊಮೆಟೊ ಎಷ್ಟು' ಅಂದರೆ ಅವರಿಗೆ ಅದು ಸೊಕ್ಕು. ಫ್ರಾನ್ಸಿನವರಿಗೆ ಜಂಬ ಅಂತ ದೂರುವವರಲ್ಲಿ ಜಾಸ್ತಿ ಜನ ಈ ಒಂದು ಪದ ನುಂಗಿದವರು ಅಂತ ನನ್ನ ಗುಮಾನಿ. ನೀವು, ನೀನು ಅಲ್ಲೂ ಉಂಟು: 'ವು' ಅಂದರೆ ನೀವು, 'ತ್ಯು' ಅಂದರೆ ನೀನು. ಗುರುತಿಲ್ಲದವರಿಗೆ 'ವು'. ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಲೆಕ್ಕ ಮಾತ್ರ ಕೈ ಕೊಡುತ್ತದೆ. ಅವರಿಗೆ ಎಪ್ಪತ್ತು ಅಂದರೆ ಅರವತ್ತು-ಹತ್ತು. ಎಂಬತ್ತು ಅಂದರೆ ನಾಲ್ಕು-ಇಪ್ಪತ್ತು, ಕಾತ್ರ್ ವ್ಯಾಂ. ಸಂತೆಯಲ್ಲಿ ಬೀನ್ಸ್‌ಗೆ ಎಷ್ಟು ಅಂತ ಕೇಳಿದೆ. 'ತ್ರ್ವಾ ಕಾತ್ರ್ ವ್ಯಾಂ' ಅಂದ. ಇಪ್ಪತ್ತರವರೆಗೆ ಕಲಿತುಕೊಂಡು ಹೋದವಳು ನಾನು. ಮೂರು, ನಾಲ್ಕು, ಇಪ್ಪತ್ತು! ಯಾವುದು ಬೆಲೆ? 34 ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತವಳು ಕೊನೆಗೆ ಅಂಗೈ ತುಂಬ ಚಿಲ್ಲರೆ ಹಿಡಿದು ಅವನ ಮುಂದೆ ಚಾಚಿದೆ. ಅವನು ಎರಡು ಯೂರೋದ್ದೊಂದು, ಒಂದರದ್ದೊಂದು, ಐವತ್ತು, ಇಪ್ಪತ್ತು, ಹತ್ತು ಸೆಂಟಿನ ನಾಣ್ಯ ಒಂದೊಂದು ಆರಿಸಿಕೊಂಡ. ಮೂರು ಯೂರೋ ಎಂಬತ್ತು. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನ ಫ್ರೆಂಚಿನವರು ಎಪ್ಪತ್ತಕ್ಕೆ ನೆಟ್ಟಗೆ 'ಸೆಪ್ತಾಂತ್' ಅನ್ನುತ್ತಾರಂತೆ. ಪುಣ್ಯವಂತರು.

ಪ್ರಶ್ನೆ: ಓದಲು ಮಾಂಟ್ರಿಯಲ್‌ಗೆ ಹೋಗುತ್ತಿದ್ದೇನೆ. ಅಲ್ಲಿ ಇಂಗ್ಲಿಷ್ ಸಾಕಲ್ವಾ? ಅಮ್ಮ ಮಿಕ್ಸಿ ಕಟ್ಟಿದ್ದಾರೆ.
— ವಿದ್ಯಾರ್ಥಿ, ಮಣಿಪಾಲ

ಉತ್ತರ: ಕಾಲೇಜಿನೊಳಗೆ ಸಾಕಾದೀತು ಮಗಾ, ಬೀದಿಯಲ್ಲಿ ಸಾಲದು. 1977ರ ಕಾನೂನಿನಿಂದ, ಮಾಂಟ್ರಿಯಲ್ ಇರುವ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಕಚೇರಿ, ಕೆಲಸ, ಅಂಗಡಿ ಬೋರ್ಡು ಎಲ್ಲದಕ್ಕೂ ಫ್ರೆಂಚೇ ಮುಂದೆ. ಕೆನಡಾದ ಸ್ಟಡಿ ಪರ್ಮಿಟ್ ಅಲ್ಲದೆ ಕ್ವಿಬೆಕ್‌ನವರದ್ದೇ ಇನ್ನೊಂದು ಒಪ್ಪಿಗೆ ಬೇಕು, ಸಿಎಕ್ಯೂ ಅಂತ. ಅದು ಮೊದಲು. ಮಿಕ್ಸಿ ಇಲ್ಲೇ ಬಿಡು. ಅಲ್ಲಿ ಕರೆಂಟು 120 ವೋಲ್ಟ್, ನಮ್ಮ ಮಿಕ್ಸಿ ಸರಿಯಾಗಿ ತಿರುಗುವುದಿಲ್ಲ. ಫ್ರಾನ್ಸಿಗಾದರೆ ಒಯ್ಯಬಹುದಿತ್ತು, ಅಲ್ಲಿ 230. ಬದಲಿ ಪ್ಲಗ್ ಒಂದಿದ್ದರಾಯಿತು. ಆ ಜಾಗದಲ್ಲಿ ಉಪ್ಪಿನಕಾಯಿ ಇಟ್ಟುಕೋ.

ಪ್ರಶ್ನೆ: ಹೆಂಡತಿ ಬಾಣಂತನಕ್ಕೆ ಪ್ಯಾರಿಸ್ಸಿಗೆ ಹೋಗುತ್ತಾಳೆ. ನಾನೂ ಜೊತೆಗೆ. ಮೂರು ತಿಂಗಳು ನನಗೆ ಅಲ್ಲಿ ಎಂತ ಕೆಲಸ?
— ಓದುಗ, ಬ್ರಹ್ಮಾವರ

ಉತ್ತರ: ನಮ್ಮವರೂ ಇದೇ ಕೇಳಿದ್ದರು. ಬ್ರೆಡ್ಡಿನ ಕೆಲಸ ಕೊಟ್ಟೆ. ದಿನಾ ಬೆಳಿಗ್ಗೆ ಬೇಕರಿಗೆ ಹೋಗಿ, ಸಾಲಿನಲ್ಲಿ ನಿಂತು, 'ಬೊಂಜೂರ್, ಯುನ್ ಬಾಗೆತ್ ತ್ರಾದಿಸ್ಯೋಂ, ಸಿಲ್ ವು ಪ್ಲೆ' ಅನ್ನಬೇಕು. ಮೊದಲ ದಿನ ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡು ಹೋದರು. ಶುದ್ಧ ಸಸ್ಯಾಹಾರಿಗಳಿಗೂ ಇದು ನಿಶ್ಚಿಂತೆಯ ತಿಂಡಿ: ಹಿಟ್ಟು, ನೀರು, ಉಪ್ಪು, ಹುದುಗು. 'ತ್ರಾದಿಸ್ಯೋಂ' ಅಂದ ಬ್ರೆಡ್ಡಿಗೆ ಕಲಬೆರಕೆ ಸಾಮಾನು ಸೇರಿಸಬಾರದು ಅಂತ 1993ರಲ್ಲಿ ಸರಕಾರವೇ ನಿಯಮ ಮಾಡಿದೆ. ಬ್ರಿಯೋಶ್ ಮಾತ್ರ ತರಬೇಡಿ, ಅದರಲ್ಲಿ ಮೊಟ್ಟೆ. ದಾರಿಯಲ್ಲಿ ತುದಿ ಮುರಿದು ತಿನ್ನುವುದು ಅಲ್ಲಿನ ಎಲ್ಲರ ಅಭ್ಯಾಸ, ನೀವೂ ತಿನ್ನಿ. ನಮ್ಮವರು ತರುವಷ್ಟರಲ್ಲಿ ಒಂದು ಮೊಳ ಕಡಿಮೆಯಾಗಿರುತ್ತಿತ್ತು. ಹೋಟೆಲಿಗೆ ಹೋದರೆ ಬಾಟಲಿ ನೀರಿಗೆ ದುಡ್ಡು ಸುರಿಯಬೇಡಿ. 'ಯುನ್ ಕರಾಫ್ ದೊ' ಅನ್ನಿ, ನಲ್ಲಿ ನೀರಿನ ಹೂಜಿ ಪುಕ್ಕಟೆ ತಂದಿಡುತ್ತಾರೆ. ಮೆಟ್ರೋದಲ್ಲಿ ಪರ್ಸ್ ಮುಂದಿನ ಕಿಸೆಗೆ. ಪ್ರವಾಸಿಗಳ ಜಾಗದಲ್ಲಿ ಯಾರಾದರೂ ಸಹಿ ಹಾಕಿ ಅಂತ ಕಾಗದ ಹಿಡಿದರೆ ನಿಲ್ಲದೆ ಮುಂದೆ ಹೋಗಿ. ನೀವು ಸಹಿ ಮಾಡುವಾಗ ಇನ್ನೊಬ್ಬನ ಕೈ ನಿಮ್ಮ ಕಿಸೆಯಲ್ಲಿರುತ್ತದೆ.

ಒಂದು ಎಚ್ಚರಿಕೆ ಉಂಟು. ಉಡುಪಿಗೆ ವಾಪಸು ಬಂದ ಮೇಲೂ ಒಂದು ವಾರ ನಮ್ಮವರು ಹಾಲಿನ ಅಂಗಡಿಯ ಮುಂದೆ ನಿಂತು 'ಬೊಂಜೂರ್' ಅನ್ನುತ್ತಿದ್ದರು. ಅಂಗಡಿಯವನು ತಲೆ ಎತ್ತದೆ, 'ನೀಲಿ ಪ್ಯಾಕೆಟಾ, ಹಸಿರಾ?' ಅಂತ ಕೇಳುತ್ತಿದ್ದ.